ಮೊಳೆ ಹೊಡೆಯದ ತಗಡು

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಗೋದಾವರಿಬಾಯಿಯನ್ನು ಅರಿಯದವರಿರಲಿಲ್ಲ. ಅರಿಯದೆ ಇರಲು ಆಕೆ ಬಿಟ್ಟರಲ್ಲವೇ! ತರಕಾರಿ ಬಂಡಿಯವನ ಜೊತೆ ತೆಲುಗಿನಲ್ಲಿ ಜಗಳ, ಹಾಲಿನವನ ಜೊತೆ ಉರ್ದುವಿನಲ್ಲಿ ಜಗಳ, ದೇವರ ಮನೆಯಲ್ಲಿ ಕೂತು ಹನುಮಪ್ಪನ ಜೊತೆ ಕನ್ನಡದಲ್ಲಿ ಜಗಳ. ಗಂಡ ಪ್ರಾಣೇಶರಾಯರು ಸಚಿವಾಲಯದಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಅವರೊಂದಿಗೆ ಜಗಳಕ್ಕೆ ಭಾಷೆಯೇ ಬೇಕಿರಲಿಲ್ಲ. ಒಂದು ಪಾತ್ರೆಯನ್ನು ಸ್ವಲ್ಪ ಜೋರಾಗಿ ಕೆಳಗಿಟ್ಟರೆ ರಾಯರಿಗೆ ಎಲ್ಲ ಅರ್ಥವಾಗುತ್ತಿತ್ತು. ಇಂಥ ಗಟ್ಟಿ ಬಾಯಿಯ ಹೆಂಗಸು ಒಂದೇ ಒಂದು ಮಾತನ್ನು ಬಾಯಿಬಿಟ್ಟು ಹೇಳಲಾರದೆ ಹೋದಳಲ್ಲ, ಈ ಕತೆ ಅದರದ್ದು.

ಅವರಿದ್ದದ್ದು ಎರಡಂತಸ್ತಿನ ಹಳೆಯ ಮನೆ. ಮಾಲೀಕರು ಸಿಕಂದರಾಬಾದಿನಲ್ಲಿದ್ದು ಬಾಡಿಗೆಯ ದಿನ ಮಾತ್ರ ಮುಖ ತೋರಿಸುತ್ತಿದ್ದರು. ಮೇಲಿನ ಭಾಗದಲ್ಲಿ ಗೋದಾವರಿಯ ಸಂಸಾರ, ಅದರ ಮೇಲೆ ಬಯಲು ಮಾಳಿಗೆ. ಕೆಳಗಿನ ಭಾಗದಲ್ಲಿ ಕಮಲಾಕ್ಷಿ. ಬೀದರ ಕಡೆಯ ಲಿಂಗಾಯತ ಹೆಣ್ಣುಮಗಳು, ಕನ್ನಡ ಶಾಲೆಯಲ್ಲಿ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿ ನಿವೃತ್ತಳಾದ ಟೀಚರು. ಮದುವೆಯಾಗಿರಲಿಲ್ಲ. 'ಯಾಕಾಗಲಿಲ್ಲ' ಎಂದು ಕೇಳಿದವರಿಗೆ 'ಸಾಲಿ ತುಂಬ ಮಕ್ಕಳಿದ್ದೂ ಮತ್ಯಾಕ?' ಅನ್ನುತ್ತಿದ್ದಳು. ಗೋದಾವರಿಗಿಂತ ಸ್ವಲ್ಪ ದೊಡ್ಡವಳು, ಹಾಗಾಗಿ ಗೋದಾವರಿಗೆ ಆಕೆ ಕಮಲಕ್ಕ. ಸಂಜೆಯಾದರೆ ಮನೆಯ ನೆರಳು ಪೂರ್ವದ ಅಂಗಳಕ್ಕೆ ಬೀಳುತ್ತಿತ್ತು. ಕಮಲಕ್ಕ ಅಲ್ಲಿ ಬೆತ್ತದ ಕುರ್ಚಿ ಹಾಕಿ ಕೂತಳೆಂದರೆ ದೀಪ ಹಚ್ಚುವವರೆಗೆ ಏಳುತ್ತಿರಲಿಲ್ಲ. ಮೇಲಿನ ಕಿಟಕಿಯಿಂದ ಗೋದಾವರಿ, ಕೆಳಗಿನ ಕುರ್ಚಿಯಿಂದ ಕಮಲಕ್ಕ, ನಡುವೆ ಗಲ್ಲಿಯ ಎಲ್ಲರ ಸಮಾಚಾರ. ಹಗ್ಗಕ್ಕೆ ಕಟ್ಟಿದ ಬುಟ್ಟಿಯೊಂದು ಚಟ್ನಿ, ಉಪ್ಪಿನಕಾಯಿ ಹೊತ್ತುಕೊಂಡು ಇಳಿಯುತ್ತ ಏರುತ್ತ ಇರುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಮಗಳು ಮಂದಾಕಿನಿ ಬಂದಳು. ಅವಳ ಗಂಡ ಜಯತೀರ್ಥ ಸಿಕಂದರಾಬಾದಿನಲ್ಲಿ ರೈಲ್ವೆ ನೌಕರ. ಬಾಗಿಲಲ್ಲಿ ನಿಂತವಳ ಮುಖ ನೋಡಿದ್ದೇ ಗೋದಾವರಿಗೆ ತಿಳಿಯಿತು. ಆಗ ಆಕೆಯ ಕೈಯಲ್ಲಿ ಸಾರಿಗೆಂದು ಹಿಡಿದಿದ್ದ ಹಣ್ಣು ಟೊಮೆಟೊ ಇತ್ತು.

"ಐದು ತುಂಬ್ತವ್ವಾ," ಎಂದಳು ಮಂದಾಕಿನಿ ಮೆಲ್ಲಗೆ. "ಈ ಸಲ ಯಾರಿಗೂ ಹೇಳಿದ್ದಿಲ್ಲ. ನಿನಗೂ ಹೇಳಿದ್ದಿಲ್ಲ, ಸಿಟ್ಟಾಗಬ್ಯಾಡ."

ಸಿಟ್ಟೇ! ಗೋದಾವರಿ ಮಗಳನ್ನು ಅಪ್ಪಿಕೊಂಡ ರಭಸಕ್ಕೆ ಆ ಹಣ್ಣು ಮುಷ್ಟಿಯಲ್ಲೇ ಹಿಚುಕಿಹೋಯಿತು. 'ಈ ಸಲ' ಎಂಬ ಮಾತಿನ ಹಿಂದೆ ಏನಿದೆಯೆಂದು ತಾಯಿಗೂ ಮಗಳಿಗೂ ಗೊತ್ತಿತ್ತು. ಹೋದ ಸಲ ಆರರಲ್ಲಿ ಹೋಗಿಬಿಟ್ಟಿತ್ತು. ಡಾಕ್ಟರು ಏನೇನೋ ಕಾರಣ ಹೇಳಿದ್ದರು. ಗೋದಾವರಿಗೆ ಗೊತ್ತಿದ್ದ ಕಾರಣ ಒಂದೇ. ಆ ವಾರ ಜಯತೀರ್ಥ ಹೊಸ ಗಡಿಯಾರ ತಂದು, ಮಂದಾಕಿನಿ ಮಲಗುವ ಕೋಣೆಯ ಗೋಡೆಗೆ ತಾನೇ ಸುತ್ತಿಗೆ ಹಿಡಿದು ಮೊಳೆ ಹೊಡೆದಿದ್ದ. ಗೋದಾವರಿಯ ಅಜ್ಜಿ ಹೇಳುತ್ತಿದ್ದಳು, "ಬಸುರಿ ಇದ್ದ ಮನ್ಯಾಗ ಮೊಳಿ ಹೊಡೀಬಾರದು, ಗ್ವಾಡಿ ಅಗೀಬಾರದು, ಹೊಸ್ತಿಲಾ ಕೆತ್ತಬಾರದು. ಹೊಡದದ್ದು ಗ್ವಾಡಿಗಲ್ಲ, ಕೂಸಿಗೆ." ಅಳಿಯನಿಗೆ ಇದನ್ನು ಹೇಳಿ ಅವನ ಎದೆ ಒಡೆಯುವಷ್ಟು ಕಟುಕಿ ಆಕೆಯಲ್ಲ. ಆದರೆ ಆ ಮೊಳೆ ಅವತ್ತಿನಿಂದ ಆಕೆಯ ಎದೆಯಲ್ಲಿತ್ತು.

ಅವತ್ತು ಹಿಚುಕಿದ ಹಣ್ಣಿನ ಬೀಜವನ್ನು ಗೋದಾವರಿ ತೊಳೆದು ಹಾಕಲಿಲ್ಲ. ಬೂದಿಯಲ್ಲಿ ಹೊರಳಿಸಿ, ಒಡೆದ ಕುಂಡದ ಮಣ್ಣಿಗೆ ಚೆಲ್ಲಿದಳು. ಚೆಲ್ಲುವಾಗ ಮನಸ್ಸಿಗೆ ಬಂದದ್ದನ್ನು ಯಾರ ಮುಂದೂ ಆಡಲಿಲ್ಲ: ಈ ಗಿಡ ಕಾಯಿ ಹಿಡಿದು ನಿಂತರೆ ನನ್ನ ಮಗಳ ಮಡಿಲೂ ತುಂಬುತ್ತದೆ. ತಮಾಷೆ ನೋಡಿ, ಟೊಮೆಟೊ ಅಂದರೆ ಆ ಮನೆಯಲ್ಲಿ ಮೊದಲೆಲ್ಲ ಅಷ್ಟಕ್ಕಷ್ಟೆ. ಅತ್ತೆ ಬದುಕಿದ್ದಾಗ 'ಅದು ಚಪ್ಪರಬದನಿ, ಹೊರಗಿನ ಕಾಯಿ' ಎಂದು ಅಡುಗೆಮನೆಯೊಳಗೇ ಬಿಟ್ಟುಕೊಂಡಿರಲಿಲ್ಲ. ಈಗ ಸೊಸೆ ಮಾಳಿಗೆಯ ಮೇಲೆ ಎಣ್ಣೆ ಡಬ್ಬಿಗಳನ್ನು ಸಾಲಾಗಿ ಇಟ್ಟು, ಒಂದೊಂದರಲ್ಲಿ ಒಂದೊಂದು ಸಸಿ ನೆಟ್ಟು, ಬೆಳಗಾದರೆ ಮೊದಲು ಅವುಗಳ ಮುಖ ನೋಡತೊಡಗಿದಳು. ನೀರಿನ ಟ್ಯಾಂಕಿನ ನೆರಳಲ್ಲಿ ಸಸಿಗಳು ಬಿಸಿಲನ್ನು ಹೇಗೋ ದಾಟಿದವು. ಮಂದಾಕಿನಿಗೆ ತಿಂದದ್ದು ದಕ್ಕುತ್ತಿರಲಿಲ್ಲ. "ಅವ್ವಾ, ಎಳೀ ಟೊಮೆಟೊಕಾಯಿ ಚಟ್ನಿ ತಿನ್ನೂ ಹಂಗ ಆಗೇದ," ಎಂದಳು ಒಂದು ದಿನ. ಬಜಾರಿನಲ್ಲಿ ಕಾಯಿ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. "ತಡಿ, ನಮ್ಮ ಗಿಡದ್ದು ಬರ್ತದ," ಎಂದಳು ಗೋದಾವರಿ. ಬಯಕೆಯೂ ಅದೇ ಗಿಡದ ಮೇಲೆ ಬಂತಲ್ಲ ಎಂದು ಆಕೆಗೆ ಹಿಗ್ಗೂ ಆಯಿತು, ಅಂಜಿಕೆಯೂ ಆಯಿತು.

ಮಿರ್ಗದ ಮಳೆ ಬಂತು, ಹೋಯಿತು. ಅದರ ಹಿಂದೆ ಆಷಾಢದ ಗಾಳಿ ಬಂತು.

ಹೈದರಾಬಾದಿನ ಆಷಾಢದ ಗಾಳಿಗೆ ಮಳೆಯ ನೆಪವೂ ಬೇಕಿಲ್ಲ. ಸ್ಟೇಷನ್ನಿನ ಕಡೆಯಿಂದ, ಅಂದರೆ ಪಶ್ಚಿಮದಿಂದ ಎದ್ದರೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ. ಗಲ್ಲಿಯಲ್ಲಿ ಆಗತಾನೇ ಬಂದಿದ್ದ ಟಿ.ವಿ. ಆಂಟೆನಾಗಳು ಮುಖ ತಿರುಗಿಸಿ ನಿಂತವು. ಒಣಹಾಕಿದ ಧೋತರಗಳು ಪಕ್ಕದ ಮನೆ ಸೇರಿದವು. ಮೊದಲ ದಿನವೇ ಎರಡು ಟೊಮೆಟೊ ಗಿಡ ಸೊಂಟ ಮುರಿದುಕೊಂಡು ಮಲಗಿದವು. ಗೋದಾವರಿ ಅವುಗಳ ಮುಂದೆ ಕೂತು, ಮನೆಯಲ್ಲಿ ಸಾವಾದವರ ಹಾಗೆ ಬಾಯಿಗೆ ಸೆರಗು ಹಿಡಿದುಕೊಂಡಳು.

ಉಳಿದವಕ್ಕೆ ಬಿದಿರಿನ ಕೋಲು ಆಸರೆ ಕೊಟ್ಟಳು. ದಾರದಿಂದ ಕಟ್ಟಿದರೆ ಗಾಳಿಗೆ ತೂಗಾಡಿ ದಂಟು ಕೊಯ್ದುಹೋಗುತ್ತದೆ. ಮೆತ್ತನೆಯ ಅರಿವೆ ಬೇಕಿತ್ತು. ಕಮಲಕ್ಕ ತನ್ನದೊಂದು ಹಳೆಯ ಇಳಕಲ್ ಸೀರೆ ತೆಗೆದು ನಡುವೆ ಹರಿದಳು. ಅರ್ಧ ಬುಟ್ಟಿಯಲ್ಲಿ ಮೇಲೇರಿತು, ಪಟ್ಟಿಪಟ್ಟಿಯಾಗಿ ಗಿಡಗಳ ನಡುವಿಗೆ ಬಂತು. ಇನ್ನರ್ಧ ಕಮಲಕ್ಕನ ತೊಡೆಯ ಮೇಲೆ ಉಳಿಯಿತು. ಅದಕ್ಕೆ ಬೇರೆ ಬೇರೆ ತುಂಡು ಸೇರಿಸಿ ಆಕೆ ಕೌದಿ ಹೊಲಿಯತೊಡಗಿದಳು. ಅಂಗೈಯಷ್ಟಗಲದ ಚೌಕಗಳು, ಅಕ್ಕಿಕಾಳಿನಂಥ ಹೊಲಿಗೆ.

"ಕಮಲಕ್ಕಾ, ಕೂಸು ಹುಟ್ಟೂಕ್ಕಿಂತ ಮೊದಲ ಹೊಲೀಬಾರದ್ರೀ!" ಎಂದು ಮೇಲಿನಿಂದ ಗೋದಾವರಿ ಗಾಬರಿಯಾದಳು.

"ಯಾರು ಹೇಳಿದ್ರು ಕೂಸಿಗಂತ? ನನಗ ಹೊತ್ಕೊಳ್ಳಾಕ ಹೊಲ್ಯಾಕತ್ತೀನಿ. ಸ್ವಲ್ಪ ಸಣ್ಣದಾಗೇತಿ, ಅಷ್ಟ," ಎಂದಳು ಕಮಲಕ್ಕ, ಸೂಜಿಯಿಂದ ಕಣ್ಣೆತ್ತದೆ.

ಹೀಗೆ ಆಕೆ ಗೋದಾವರಿಯ ಮಡಿ, ಶಾಸ್ತ್ರ, ಅಂಜಿಕೆಗಳನ್ನೆಲ್ಲ ನಗೆಯಲ್ಲಿ ತೇಲಿಸಿಬಿಡುತ್ತಿದ್ದಳು. ಹಿಂದೊಮ್ಮೆ ಗ್ರಹಣದ ದಿನ ಗೋದಾವರಿ ಮಗಳನ್ನು ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗಿಸಿದ್ದಾಗ, "ಗೋದಾ, ನಮ್ಮ ಸಾಲ್ಯಾಗ ಇದ್ದಿದ್ರ ನೀ ಒಂದನೇ ಇಯತ್ತೆ ದಾಟ್ತಿದ್ದಿಲ್ಲ," ಎಂದು ನಕ್ಕಿದ್ದಳು. ಆ ಗರ್ಭವೇ ಹೋದದ್ದು. ಕಮಲಕ್ಕ ಆಮೇಲೆ ಎಷ್ಟು ಅತ್ತಳೋ ದೇವರಿಗೆ ಗೊತ್ತು. ಆದರೂ ಗೋದಾವರಿಗೆ ಆ ನಗೆ ಮರೆಯಲಿಲ್ಲ.

ಕೋಲು, ಪಟ್ಟಿ ಸಾಲಲಿಲ್ಲ. ಪಶ್ಚಿಮದ ಕೈಪಿಡಿ ಗೋಡೆಯ ಮೇಲೆ ಗೋಣಿಚೀಲ ಕಟ್ಟಿದಳು. ಗೋಣಿ ಗಾಳಿಯನ್ನು ಪೂರ್ತಿ ತಡೆಯದಿದ್ದರೂ ಅದರ ಸೊಕ್ಕು ಇಳಿಸುತ್ತಿತ್ತು. ಗಿಡ ಅಲುಗುತ್ತಿದ್ದವು, ಮುರಿಯುತ್ತಿರಲಿಲ್ಲ. ಆದರೆ ಒಂದು ಮಧ್ಯಾಹ್ನ ಗೋಣಿ ನಡುವೆ ಹರಿಯಿತು. ಹೂ ಕಚ್ಚಿದ್ದ ಒಂದು ಟೊಂಗೆ ಹೋಯಿತು. ಅದೇ ಮಧ್ಯಾಹ್ನ ಮಂದಾಕಿನಿ ಸೊಂಟ ಹಿಡಿದುಕೊಂಡು "ಯಾಕೋ ನೋಯ್ಲಿಕ್ಕತ್ತದವ್ವಾ" ಎಂದಳು. ಸಂಜೆಗೆ ಆ ನೋವು ಹೋಯಿತೇನೋ ಸರಿ. ಹೆದರಿದವರ ಮೇಲೆ ಹಾವು ಎಸೆದಂತಾಗಿತ್ತು ಗೋದಾವರಿಗೆ. ಟೊಂಗೆಗೂ ಸೊಂಟಕ್ಕೂ ಗಂಟು ಬಿದ್ದುಹೋಯಿತು, ಆ ಗಂಟು ಬಿಚ್ಚಲು ಇನ್ನು ಯಾರಿಂದಲೂ ಆಗುವಂತಿರಲಿಲ್ಲ.

ಮಾಳಿಗೆಯ ಮೂಲೆಯಲ್ಲಿ ಹಳೆಯ ಬಚ್ಚಲಿನ ಮೇಲಿಂದ ತೆಗೆದ ತಗಡಿನ ಹಾಳೆಯೊಂದು ಬಿದ್ದಿತ್ತು. ಆಳೆತ್ತರದ್ದು, ತುಕ್ಕು ಹಿಡಿದದ್ದು, ಅಂಚು ಕತ್ತಿಯಂತಿದ್ದದ್ದು. "ಇದನ್ನ ನಿಲ್ಲಸ್ರಿ," ಎಂದಳು ಗಂಡನಿಗೆ. ಇಬ್ಬರೂ ಸೇರಿ ಎಳೆದು ಪಶ್ಚಿಮದ ಗೋಡೆಗೆ ಆನಿಸಿದರು. ರಾಯರು ಕೆಳಗೆ ಹೋಗಿ ಸುತ್ತಿಗೆ, ಮೊಳೆಯ ಡಬ್ಬಿ, ತಂತಿಯ ಸುರುಳಿ ತಂದರು.

"ನಾಕು ಮೊಳಿ ಹೊಡದು ತಂತಿ ಬಿಗದ್ರ ಮುಗೀತು," ಎಂದರು.

"ಮೊಳಿ ಹೆಸರು ಎತ್ತಬ್ಯಾಡ್ರಿ! ಮನ್ಯಾಗ ಬಸುರಿ ಕೂತಾಳ, ಗೊತ್ತದಿಲ್ಲ?"

ರಾಯರು ಸುತ್ತಿಗೆ ಕೆಳಗಿಟ್ಟರು. ಅವರೇನು ಇಂಥದ್ದನ್ನು ನಂಬುವ ಮನುಷ್ಯರಲ್ಲ. ಆದರೆ ನಂಬದೆ ಇರುವಷ್ಟು ಧೈರ್ಯವೂ ಇರಲಿಲ್ಲ. ಹೋದ ಸಲ ಅವರೂ ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದವರೇ.

"ಹಂಗಿದ್ರ ತಗಡು ಬ್ಯಾಡ ಬಿಡು," ಎಂದರು. "ಮತ್ತೊಂದು ಗೋಣಿ ಕಟ್ಟೂಣು. ಗೋಣಿ ಗಾಳೀನ ಸೋಸಿ ಬಿಡ್ತದ. ಹಿಂಗ ತಗಡು ಅಡ್ಡ ನಿಂತ್ರ ಗಾಳಿಗೆ ಸಿಟ್ಟು ಬರ್ತದ ನೋಡು."

"ಹರದ ಗೋಣಿ ಕಣ್ಣಿಗೆ ಕಾಣಸ್ಲಿಲ್ಲೇನು ನಿಮಗ? ಹಗ್ಗದ್ಲೆ ಕಟ್ರಿ. ಬುಡಕ್ಕ ಕಲ್ಲು ಇಡ್ರಿ. ಸಾಕು."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಲೆಕ್ಕ. ತಗಡಿನಲ್ಲಿ ಹಳೆಯ ತೂತುಗಳಿದ್ದವು. ಅವುಗಳೊಳಗೆ ತೆಂಗಿನ ನಾರಿನ ಹಗ್ಗ ಪೋಣಿಸಿ ಟ್ಯಾಂಕಿನ ಕೊಳವೆಗೆ ಬಿಗಿದರು. ಬುಡಕ್ಕೆ ಕಲ್ಲು ಪೇರಿಸಿದರು. ಅಷ್ಟಾದ ಮೇಲೆ ಗಿಡಗಳ ಮೇಲೆ ಗಾಳಿ ನಿಂತಂತೆ ಕಂಡಿತು. ಗೋದಾವರಿ ಕೈಮುಗಿದಳು.

ನಿಂತಿರಲಿಲ್ಲ. ತಗಡಿಗೆ ಬಡಿದ ಗಾಳಿ ಅದರ ತಲೆಯ ಮೇಲಿಂದ ಹಾರಿ ಆಚೆ ಬದಿಗೆ ಧುಮುಕಿ, ಗಿಡಗಳ ಎಲೆಗಳನ್ನು ಗಿರಗಿರ ತಿರುಗಿಸುತ್ತಿತ್ತು. ತಗಡಂತೂ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿತ್ತು. ಮೆಲ್ಲನೆ ಬೀಸಿದರೆ ಗುಂಯ್ ಎನ್ನುವುದು, ಜೋರಾದರೆ ಧಡಧಡ. ಅಡುಗೆಮನೆಯಲ್ಲಿ ನಿಂತರೆ ನೆತ್ತಿಯ ಮೇಲೆ ಯಾರೋ ಓಡಾಡಿದಂತೆ ಕೇಳುವುದು. ಮಂದಾಕಿನಿ ಹೊಟ್ಟೆಯ ಮೇಲೆ ಕೈಯಿಟ್ಟು, "ಆ ಸಪ್ಪಳಕ್ಕ ಇದು ಒಳಗ ಜಿಗೀತದವ್ವಾ," ಎಂದು ನಗುವಳು. ಗೋದಾವರಿ ನಗುತ್ತಿರಲಿಲ್ಲ.

ಕೆಳಗೆ ಕಮಲಕ್ಕನಿಗೂ ಕೇಳಿಸದೆ ಇರುತ್ತದೆಯೇ? ಒಂದು ಸಂಜೆ ಕುರ್ಚಿಯಿಂದ ಕತ್ತೆತ್ತಿ ಕೂಗಿದಳು, "ಏ ಗೋದಾ, ಏನದು ಮ್ಯಾಲ ಧಡಧಡ ಅನ್ನಾಕತ್ತೈತಿ?"

"ತಗಡ್ರೀ ಕಮಲಕ್ಕ. ಗಿಡಕ್ಕ ಗಾಳಿ ಬಡೀಬಾರದಂತ ಅಡ್ಡ ನಿಲ್ಲಿಸೀವಿ."

"ಬೀಳಲಿಕ್ಕಿಲ್ಲ ಹೌದಿಲ್ಲೋ? ಮೊಳಿ ಗಿಳಿ ಹೊಡಿಸೀಯೋ ಇಲ್ಲೋ? ನಾ ಇಲ್ಲೇ ಕೂಡಾಕಿ ಮತ್ತ."

ಆಗ ಹೇಳಬಹುದಿತ್ತು. 'ಇಲ್ಲರೀ ಕಮಲಕ್ಕ, ಬಸುರಿ ಇದ್ದ ಮನಿ, ಹೊಡಿಸಿಲ್ಲ' ಎಂದರೆ ಮುಗಿಯುತ್ತಿತ್ತು. ಕಮಲಕ್ಕ ನಗುತ್ತಿದ್ದಳು, ಅಷ್ಟೇ ತಾನೆ? ಆದರೆ ಆ ನಗೆಯೇ ಬೇಡವಾಗಿತ್ತು ಗೋದಾವರಿಗೆ. ಹೋದ ಸಲ ಆಕೆ ನಕ್ಕಳು, ಏನಾಯಿತು? ಅಲ್ಲದೆ ಅಂಜಿಕೆಯನ್ನು ಬಾಯಿಬಿಟ್ಟು ಹೇಳುವುದೆಂದರೆ ಅದಕ್ಕೆ ಮನೆಯ ದಾರಿ ತೋರಿಸಿದಂತೆ ಎಂದು ಆಕೆಯ ಎಣಿಕೆ. ಕಿಟಕಿಯ ಸರಳು ಹಿಡಿದು ಕೂಗಿದಳು, "ಹೊಡಿಸೀನ್ರೀ. ಗಟ್ಟಿ ಅದ."

"ಹಂಗಾರ ಚಲೋ ಆತು," ಎಂದು ಕಮಲಕ್ಕ ಸೂಜಿಗೆ ದಾರ ಪೋಣಿಸತೊಡಗಿದಳು.

ಎಷ್ಟು ಸಣ್ಣ ಸುಳ್ಳು ನೋಡಿ! ಹಾಲಿನವನಿಗೆ, ಬಾಡಿಗೆಯ ಮಾಲೀಕರಿಗೆ ದಿನಾ ಹೇಳುವಂಥದ್ದು. ಆದರೆ ಅವತ್ತಿನಿಂದ ಗೋದಾವರಿಗೆ ಸಂಜೆಗಳು ಸುಖವಾಗಲಿಲ್ಲ. ಕಿಟಕಿಯಲ್ಲಿ ನಿಂತರೆ ಕೆಳಗೆ ಕಮಲಕ್ಕನ ಬೈತಲೆ ಕಾಣುವುದು, ಬಿಳಿ ಕೂದಲ ನಡುವೆ ನೆಟ್ಟಗೆ. ಮೇಲೆ ತಗಡು ಧಡ್ ಎನ್ನುವುದು. ಆಕೆ ಮಾತು ಮರೆಯುವಳು. "ಎಲ್ಲಿ ಹೋದಿ ಗೋದಾ?" ಎಂದು ಕಮಲಕ್ಕ ಕೂಗುವಳು.

ಹಗ್ಗ ಸವೆಯತೊಡಗಿತ್ತು. ತಗಡಿನ ತೂತಿನ ಅಂಚು ಗರಗಸದ ಹಾಗೆ. ಗಾಳಿಗೆ ಹಿಂದೆ ಮುಂದೆ ಆಡುವಾಗ ನಾರು ಒಂದೊಂದೇ ಎಳೆ ಬಿಡುತ್ತಿತ್ತು. ಬೆಳಿಗ್ಗೆ ಗಿಡಗಳಿಗೆ ನೀರು ಹಾಕಲು ಹೋದಾಗ ಗೋದಾವರಿ ಮೊದಲು ಆ ಗಂಟನ್ನೇ ಮುಟ್ಟಿ ನೋಡುವಳು. ಬೆರಳಿಗೆ ನಾರಿನ ಪುಡಿ ಹತ್ತುವುದು. ಒಂದು ದಿನ ಬುಡದ ಕಲ್ಲೊಂದು ತಾನಾಗಿ ಉರುಳಿ ಗೋಡೆಯಿಂದ ಗೇಣು ದೂರ ಬಂದು ಕೂತಿತ್ತು. ಎತ್ತಿ ಮತ್ತೆ ಇಟ್ಟಳು. ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ತಂದು ಇನ್ನೊಂದು ಸುತ್ತು ಕಟ್ಟಿದಳು. ಸುತ್ತಿಗೆ, ಮೊಳೆಯ ಡಬ್ಬಿ, ತಂತಿ ಮೆಟ್ಟಿಲ ಬಾಯಲ್ಲೇ ಇದ್ದವು. ರಾಯರು ಅವುಗಳನ್ನು ಒಳಗಿಟ್ಟಿರಲಿಲ್ಲ, ಬೇಕೆಂದೇ ಇಟ್ಟಿರಲಿಲ್ಲವೇನೋ. ಅವುಗಳ ಪಕ್ಕ ಹಾಯುವಾಗ ಗೋದಾವರಿ ಸೀರೆಯ ನಿರಿಗೆ ಎತ್ತಿಕೊಂಡು ಹಾಯುವಳು.

ಮತ್ತು ಗಿಡಗಳು? ಕಾಯಿ ಹಿಡಿದಿದ್ದವು! ಗೋಲಿಯಂಥವು ಮೊದಲು, ಆಮೇಲೆ ನಿಂಬೆಯಂಥವು, ಹಸಿರಾಗಿ, ರೋಮ ರೋಮವಾಗಿ. ಮಂದಾಕಿನಿಗೆ ಎಂಟು. ಶಯನೀ ಏಕಾದಶಿ ಬಂದು ಹೋಗಿತ್ತು. ಚಾತುರ್ಮಾಸ್ಯದ ಮೊದಲ ತಿಂಗಳು ಆ ಮನೆಯಲ್ಲಿ ಯಾರೂ ಕಾಯಿಪಲ್ಲೆ ಮುಟ್ಟುವಂತಿಲ್ಲ, ಬಸುರಿಗೆ ಮಾತ್ರ ವಿನಾಯಿತಿ. ತಾನು ತುತ್ತು ಬಾಯಿಗಿಡಲಾಗದ ಕಾಯಿಗಾಗಿ ಗೋದಾವರಿ ಹಗಲೆಲ್ಲ ಜೀವ ಹಿಡಿದುಕೊಂಡಿದ್ದಳು. "ಇನ್ನೊಂದು ವಾರ ಹಿಂಗ ನಿಲ್ಲಪಾ," ಎಂದು ತಗಡಿಗೇ ಬೇಡಿಕೊಂಡಳು.

ಆ ದಿನ ಬೆಳಗಿನಿಂದ ಗಾಳಿಯೇ ಇರಲಿಲ್ಲ. ಎಷ್ಟೋ ದಿನಗಳ ಮೇಲೆ ತಗಡು ಬಾಯಿ ಮುಚ್ಚಿತ್ತು. ಮನೆಯೊಳಗೆ ಸೊಳ್ಳೆ ಹಾರಿದರೂ ಕೇಳುವಷ್ಟು ಮೌನ. ಒಂದು ಎಲೆ ಅಲುಗಲಿಲ್ಲ. ಬೆವರು ಕತ್ತಿನಿಂದ ಇಳಿಯುತ್ತಲೇ ಇತ್ತು. ಪ್ರಾಣೇಶರಾಯರು ಮಠದಲ್ಲಿ ಪ್ರವಚನ ಕೇಳಲು ಹೋಗಿದ್ದರು. ಮಂದಾಕಿನಿ ಒಳಕೋಣೆಯಲ್ಲಿ ಮಲಗಿದ್ದಳು, ಮಲಗುವ ಮುಂಚೆ, "ಅವ್ವಾ, ಇವತ್ತರ ಚಟ್ನಿ ಮಾಡ್ತೀ ಹೌದಿಲ್ಲೋ?" ಎಂದಿದ್ದಳು.

ಸಂಜೆಯ ಹೊತ್ತಿಗೆ ಗೋದಾವರಿ ಮಾಳಿಗೆಗೆ ಹೋದಳು. ಮೊದಲ ಕೊಯ್ಲು. ಒಂದೊಂದೇ ಕಾಯಿಯನ್ನು ತಿರುವಿ ಕಿತ್ತು ಉಡಿಗೆ ಹಾಕಿಕೊಂಡಳು. ಸೆರಗಿನ ಉಡಿ ಭಾರವಾದಂತೆ ಎದೆ ಹಗುರಾಯಿತು. ನಿಂತವಲ್ಲ ಗಿಡ! ಕಾಯಿ ಹಿಡಿದವಲ್ಲ! ಇನ್ನೇನು ಉಳಿಯಿತು ಅಂಜಲಿಕ್ಕೆ? ಕೆಳಗೆ ಅಂಗಳದಲ್ಲಿ ಕಮಲಕ್ಕ ಕೌದಿಯನ್ನು ನೆಲದ ಮೇಲೆ ಹಾಸಿ, ಉಳಿದ ಚೌಕಗಳನ್ನು ಹೊಂದಿಸಿ ನೋಡುತ್ತಿದ್ದಳು. ನಾಳೆ ಬುಟ್ಟಿಯಲ್ಲಿ ಕಮಲಕ್ಕನಿಗೂ ಚಟ್ನಿ ಇಳಿಸಬೇಕು, ಹಾಗೆಯೇ ಈ ತಗಡನ್ನೂ ಇಳಿಸಿಬಿಡಬೇಕು ಎಂದುಕೊಂಡಳು. ನಿಜವಾಗಿಯೂ ಅಂದುಕೊಂಡಳು, ಪಾಪ.

ಕಾಗೆಗಳು ಒಮ್ಮೆಲೇ ಎದ್ದವು. ಸ್ಟೇಷನ್ನಿನ ಕಡೆ ನೋಡಿದರೆ ಆಕಾಶ ಕಾಣಲಿಲ್ಲ. ಕಂದು ಬಣ್ಣದ ಧೂಳಿನ ಗೋಡೆಯೊಂದು ಮನೆಗಳ ತಲೆಯ ಮೇಲೆ ನಡೆದುಬರುತ್ತಿತ್ತು. ರೈಲಿನ ಸಿಳ್ಳು ಕಿವಿಯ ಪಕ್ಕದಲ್ಲೇ ಊದಿದಂತೆ ಕೇಳಿತು. ಗೋದಾವರಿ ತಿರುಗುವಷ್ಟರಲ್ಲಿ ಗಾಳಿ ತಗಡಿಗೆ ಬಂದು ಬಡಿಯಿತು.

ಬುಡದ ಕಲ್ಲುಗಳು ಚೆಲ್ಲಿಹೋದವು. ಗೋದಾವರಿ ಉಡಿ ಬಿಟ್ಟಳು, ಕಾಯಿಗಳು ಮಾಳಿಗೆಯ ತುಂಬ ಉರುಳಿದವು. ಎರಡೂ ಕೈಯಿಂದ ತಗಡಿನ ಅಂಚು ಹಿಡಿದು ಮೈಯೆಲ್ಲ ಭಾರ ಹಾಕಿ ಒರಗಿದಳು. ತಗಡು ಉಸಿರಾಡುವ ಪ್ರಾಣಿಯಂತೆ ಉಬ್ಬುತ್ತ ಇಳಿಯುತ್ತ ಆಕೆಯನ್ನೇ ಹಿಂದಕ್ಕೆ ನೂಕುತ್ತಿತ್ತು. ಹಗ್ಗದ ಎಳೆ ಪಟ್ ಎಂದದ್ದು ಕೇಳಿಸಿತು. ಮತ್ತೊಂದು ಪಟ್.

ಕೆಳಗಿನಿಂದ ಕಮಲಕ್ಕನ ದನಿ ಬಂತು. "ಗೋದಾ! ಗಾಳಿ ಭಾಳ ಐತಿ, ಒಳಗ ಹೋಗು! ಈ ಕೌದಿ ಹಾರಾಕತ್ತೈತಿ, ಆಯ್ಕೊಂಡು ನಾನೂ ಹೋಗ್ತೀನಿ. ನಿನ್ನ ತಗಡು ಗಟ್ಟಿ ಐತಿಲ್ಲ?"

ಒಂದು ಉಸಿರಿನಷ್ಟು ಹೊತ್ತು ಇತ್ತು. 'ಓಡ್ರಿ ಕಮಲಕ್ಕ' ಎಂದರೆ ಸಾಕಿತ್ತು. ಅದರ ಬದಲು ಗೋದಾವರಿಯ ತಲೆಯಲ್ಲಿ ಏನೇನು ಹಾಯಿತೋ! ಕಿರುಚಿದರೆ ಮಂದಾಕಿನಿ ಗಾಬರಿಯಿಂದ ಎದ್ದು ಮೆಟ್ಟಿಲು ಹತ್ತಿಯಾಳು. ಹೊಡೆದಿಲ್ಲ ಎಂದರೆ ಇಷ್ಟು ದಿನ ಹೇಳಿದ್ದು ಸುಳ್ಳಾದೀತು. ಹಿಡಿದಿದ್ದೀನಲ್ಲ, ಇನ್ನೊಂದು ಗಳಿಗೆ ಹಿಡಿದರಾಯಿತು.

"ಗಟ್ಟಿ ಅದ್ರೀ!" ಎಂದು ಕೂಗಿದಳು.

ಹಗ್ಗ ಕಡಿಯಿತು. ತಗಡು ಆಕೆಯ ಅಂಗೈಗಳನ್ನು ಗೀರಿಕೊಂಡು ಮೇಲಕ್ಕೆದ್ದಿತು. ಟೊಮೆಟೊ ಗಿಡಗಳ ಮೇಲಿಂದ, ಒಂದು ಎಲೆಯನ್ನೂ ಮುಟ್ಟದೆ, ಮಾಳಿಗೆಯ ಆಚೆ ಅಂಚಿಗೆ ಹೋಗಿ, ಅಲ್ಲಿ ಒಂದು ಗಳಿಗೆ ಆಕಾಶದಲ್ಲಿ ಅಡ್ಡ ನಿಂತಂತೆ ಕಂಡಿತು. ಆಮೇಲೆ ಅಂಗಳದ ಕಡೆ ಇಳಿಯಿತು. ಸಪ್ಪಳವಾಯಿತು. ಸಪ್ಪಳದ ಹಿಂದೆ ಬೇರೆ ಯಾವ ಸದ್ದೂ ಬರಲಿಲ್ಲ.

"ಕಮಲಕ್ಕಾ!" ಎಂದು ಗೋದಾವರಿ ಈಗ ಕಿರುಚಿದಳು, ಗಲ್ಲಿಯೆಲ್ಲ ಕೇಳುವಂತೆ. ಈಗ ಕಿರುಚಿ ಏನು ಬಂತು!

ಮೆಟ್ಟಿಲು ಹೇಗೆ ಇಳಿದಳೋ ತಿಳಿಯದು. ಬಾಗಿಲಲ್ಲಿ ಮಂದಾಕಿನಿ ಎದ್ದು ನಿಂತಿದ್ದಳು. "ಅವ್ವಾ, ಏನಾತು? ನಿನ್ನ ಕೈಗೆ ರಕ್ತ!"

"ಹೊರಗ ಬರಬ್ಯಾಡ! ಅಲ್ಲೇ ನಿಂದ್ರು! ನೋಡಬ್ಯಾಡ!"

ಕಮಲಾಕ್ಷಿ ಅಂಗಳದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಬೆತ್ತದ ಕುರ್ಚಿ ಎರಡಾಗಿ ಬಿದ್ದಿತ್ತು. ತಗಡಿನ ಅಂಚು ನೆಲಕ್ಕೆ ಕಚ್ಚಿಕೊಂಡು ನೆಟ್ಟಗೆ ನಿಂತಿತ್ತು, ತೂತಿನಲ್ಲಿ ಕಡಿದ ಹಗ್ಗದ ತುಂಡು ಜೋತಿತ್ತು. ಆಕೆ ಬಲಗೈ ಮಣಿಕಟ್ಟನ್ನು ಅರೆಹೊಲಿದ ಕೌದಿಯಲ್ಲಿ ಸುತ್ತಿ ಎಡಗೈಯಿಂದ ಒತ್ತಿ ಹಿಡಿದಿದ್ದಳು. ಇಳಕಲ್ ಸೀರೆಯ ಕೆಂಪೇ ಹೆಚ್ಚಾದ ಹಾಗೆ ಕೌದಿ ನೋಡನೋಡುತ್ತ ಕೆಂಪಾಗುತ್ತಿತ್ತು. ಮುಖ ಮಾತ್ರ ಬಿಳಿ.

"ಗೋದಾ," ಎಂದಳು, ಪಾಠ ತಪ್ಪಿದ ಮಗುವನ್ನು ಕೇಳುವಂತೆ ಮೆಲ್ಲಗೆ, "ಅದಕ್ಕ ಬರೇ ಹಗ್ಗ ಐತಲ್ಲ?"

ಮಳೆ ದಪ್ಪ ಹನಿಯಾಗಿ ಶುರುವಾಯಿತು. ಎದುರುಮನೆಯ ವೆಂಕಟೇಶ ಆಟೋ ಕರೆತಂದ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಜೀವಕ್ಕೇನೂ ಇಲ್ಲ ಎಂದರು. ಮಣಿಕಟ್ಟಿನ ನರಗಳು ಕಡಿದುಹೋಗಿವೆ, ಬೆರಳು ಮಡಚುವುದು ಕಷ್ಟ ಎಂದರು. ಜೀವಮಾನವಿಡೀ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದ ಕೈ ಅದು.

ಗೋದಾವರಿ ದಿನಾ ಆಸ್ಪತ್ರೆಗೆ ಡಬ್ಬಿ ಒಯ್ದಳು. ತುತ್ತು ಮಾಡಿ ಬಾಯಿಗಿಟ್ಟಳು, ತಲೆ ಬಾಚಿದಳು. ಹೇಳಲಿಕ್ಕೆ ಹೋದವಳು ಇನ್ನೊಂದು ತುತ್ತು ಕಲಸುವಳು. ಕೊನೆಗೊಂದು ಮಧ್ಯಾಹ್ನ ಎಲ್ಲವನ್ನೂ ಹೇಳಿದಳು: ಅಜ್ಜಿಯ ಮಾತು, ಅಳಿಯನ ಗಡಿಯಾರ, ಹೋದ ಸಲದ್ದು, ಬೀಜ ಚೆಲ್ಲುವಾಗ ಅಂದುಕೊಂಡದ್ದು, ಮೊಳೆಯದ್ದು. ಹೇಳುತ್ತ ಹೇಳುತ್ತ ಬಿಕ್ಕಿದಳು. "ನೀವು ನಗ್ತೀರಂತ ಹೇಳಲಿಲ್ರೀ ಕಮಲಕ್ಕ. ನಗ್ರಿ, ಈಗರ ನಗ್ರಿ," ಎಂದಳು.

ಕಮಲಕ್ಕ ನಗಲಿಲ್ಲ.

"ಮೊಳಿ ಹೊಡೀಬ್ಯಾಡ ಅಂತ ನಾ ಎಲ್ಲಿ ಅಂದಿದ್ದೆ, ಹೊಡಿ ಅಂತರ ಎಲ್ಲಿ ಅಂದಿದ್ದೆ?" ಎಂದಳು. "ಅದು ನಿನ್ನ ಮಗಳು, ನಿನ್ನ ಅಂಜಿಕಿ. ಹೊಡದಿಲ್ಲ ಅಂತ ಒಂದ ಮಾತು ಹೇಳಿದ್ರ ನಾ ನನ್ನ ಕುರ್ಚಿ ಒಳಗ ಎಳಕೊತಿದ್ದೆ, ಗೋದಾ. ಅಷ್ಟ ಇತ್ತು ಅದು."

ಗೋದಾವರಿ ಸೆರಗಿನಿಂದ ಮುಖ ಒರೆಸಿಕೊಂಡು ಡಬ್ಬಿ ಮುಚ್ಚಿದಳು.

ಶ್ರಾವಣದಲ್ಲಿ ಮಂದಾಕಿನಿ ಹೆತ್ತಳು. ಹೆಣ್ಣು ಕೂಸು. ದುಂಡಗೆ, ಗಟ್ಟಿ ದನಿಯದು. ಅಜ್ಜಿಯದೇ ಬಾಯಿ ಎಂದರು ನೋಡಿದವರು. ಮೊದಲ ಸಲ ಕೈಗೆ ಕೊಟ್ಟಾಗ ಗೋದಾವರಿ ಕೂಸನ್ನು ದೀಪದ ಬೆಳಕಿಗೆ ಹಿಡಿದು ಬೆನ್ನು, ಹೊಟ್ಟೆ, ಅಂಗಾಲು, ಕಿವಿಯ ಹಿಂದೆ, ಎಲ್ಲ ನೋಡಿದಳು. ಎಲ್ಲಿಯೂ ಒಂದು ಗುರುತಿರಲಿಲ್ಲ. ತಾನು ನಂಬಿದ್ದು ನಿಜವಾಯಿತೋ ಸುಳ್ಳಾಯಿತೋ ಆಕೆಗೆ ತಿಳಿಯಲಿಲ್ಲ. ಕೂಸಿನ ಬಲಗೈಯನ್ನು ಮಾತ್ರ ಮತ್ತೆ ಮತ್ತೆ ಬಿಡಿಸಿ, ಬೆರಳು ಮಡಚುತ್ತವೆಯೋ ಇಲ್ಲವೋ ನೋಡಿದಳು.

ಮಾಳಿಗೆಯ ಗಿಡಗಳು ಆ ಗಾಳಿಯಲ್ಲೂ ಬಿದ್ದಿರಲಿಲ್ಲ. ಕಮಲಕ್ಕನ ಸೀರೆಯ ಪಟ್ಟಿಗಳು ಅವನ್ನು ಕೋಲಿಗೆ ಹಿಡಿದು ನಿಲ್ಲಿಸಿದ್ದವು. ಹಣ್ಣು ಬಿಟ್ಟವು, ಉದುರಿದವು. ಆ ಮನೆಯಲ್ಲಿ ಯಾರೂ ಅವನ್ನು ಕೀಳಲಿಲ್ಲ.

ಕೌದಿಯನ್ನು ಗೋದಾವರಿ ಎಷ್ಟು ಸಲ ತೊಳೆದರೂ ಕಲೆ ಪೂರ್ತಿ ಹೋಗಲಿಲ್ಲ. ಉಳಿದ ಚೌಕಗಳನ್ನು ತಾನೇ ಕೂತು ಹೊಲಿದಳು. ಕೂಸಿಗೆ ಹೆಸರಿಡುವ ದಿನ ಕಮಲಕ್ಕನನ್ನು ಕೈಹಿಡಿದು ಮೇಲೆ ಕರೆತಂದು ತೊಟ್ಟಿಲ ಪಕ್ಕ ಕೂಡಿಸಿದಳು. ಕಮಲಕ್ಕ ಎಡಗೈಯಿಂದ ಕೌದಿಯ ಅಂಚು ಸವರಿ ನೋಡಿ, "ನಿನ್ನ ಹೊಲಿಗಿ ಸೊಟ್ಟ ಐತಿ," ಎಂದಳು. ಎಲ್ಲರೂ ನಕ್ಕರು. ಕಮಲಕ್ಕನೂ ನಕ್ಕಳು. ಕೂಸಿನ ಕೆನ್ನೆ ಮುಟ್ಟಿ ಹರಸಿದಳು. ಗೋದಾವರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮುಗಿಯಿತು, ಮೊದಲಿನಂತಾಯಿತು ಎಂದುಕೊಂಡಳು.

ಮರುದಿನ ಸಂಜೆ ಕಿಟಕಿಯಲ್ಲಿ ನಿಂತು ಕೆಳಗೆ ನೋಡಿದಳು. ಅಂಗಳ ಬರಿದಾಗಿತ್ತು. ರಾಯರು ತಂದುಕೊಟ್ಟ ಹೊಸ ಕುರ್ಚಿ ಪಡಸಾಲೆಯ ಒಳಗಿತ್ತು, ಸೂರಿನ ಅಡಿ. ಕಮಲಕ್ಕನ ಪಾದಗಳಷ್ಟೇ ಕಾಣುತ್ತಿದ್ದವು. ಅದರ ಮರುದಿನವೂ ಹಾಗೆಯೇ. ಗಾಳಿಯ ತಿಂಗಳು ಮುಗಿಯಿತು, ದಸರೆ ಬಂತು, ದೀಪಾವಳಿ ಬಂತು. ತಗಡನ್ನು ಗುಜರಿಯವನು ಎಂದೋ ಒಯ್ದಿದ್ದ. ಬುಟ್ಟಿ ಇಳಿಯುತ್ತಿತ್ತು, ಏರುತ್ತಿತ್ತು, ಗಲ್ಲಿಯ ಸಮಾಚಾರಕ್ಕೆ ಕೊರತೆಯಿರಲಿಲ್ಲ. ಪ್ರತಿ ಸಂಜೆ ಗೋದಾವರಿ ಮೇಲಿನಿಂದ ಕೂಗುವಳು, "ಕಮಲಕ್ಕಾ, ಅಂಗಳಕ್ಕ ಬರ್ರಿ, ನೆರಳು ಬಿದ್ದದ. ಮ್ಯಾಲ ಏನೂ ಇಲ್ರೀ, ಖರೇನ ಏನೂ ಇಲ್ಲ!"

"ಹೌದೇನು?" ಎಂದು ಒಳಗಿನಿಂದ ಕಮಲಕ್ಕ ಅನ್ನುವಳು, ಸಿಟ್ಟಿಲ್ಲದೆ, ಮೊದಲಿನ ಅದೇ ಅಕ್ಕರೆಯಲ್ಲಿ.

ಕುರ್ಚಿ ಮಾತ್ರ ಒಳಗೇ ಇರುತ್ತಿತ್ತು.